ಹನ್ನೊಂದು ಬ್ಯಾಡ್ಜು, ಒಂದು ಡಬ್ಬ

ಫೆಬ್ರವರಿ 3

ತಮ್ಮನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ನಾನು ಬರೆಯುವುದಿಲ್ಲ. ಮೊದಲು ನಿನ್ನ ಕ್ಷೇಮ ಏನೆಂದು ನೀನು ಬರಿ. ಫೋನಿನಲ್ಲಾದರೆ ನೀನು "ಆರಾಮಾಗಿದೀನಿ ಅಕ್ಕ" ಎಂದು ಒಂದೇ ಉಸಿರಿನಲ್ಲಿ ಹೇಳಿ ಇಟ್ಟುಬಿಡುತ್ತೀಯ. ಇಪ್ಪತ್ತಾರು ವರ್ಷದಿಂದ ಕೋರ್ಟಿನ ವರಾಂಡದಲ್ಲಿ ಕೂತು ಜನರ ಹೇಳಿಕೆ ಟೈಪು ಮಾಡುತ್ತಿದ್ದೇನೆ. ಬಾಯಲ್ಲಿ ಸುಳ್ಳು ಸಲೀಸಾಗಿ ಬರುತ್ತದೆ, ಕಾಗದಕ್ಕೆ ಇಳಿಸುವಾಗ ಕೈ ತಡವರಿಸುತ್ತದೆ. ಅದಕ್ಕೇ ಈ ಕಾಗದ.

ಹೋದ ತಿಂಗಳು ನೀನು ಬಂದು ಹೋದ ಮೇಲೆ ನಿನ್ನ ಭಾವ ಮೂರನೆಯ ದಿನ ಚಪ್ಪಲಿ ಹಾಕಿಕೊಳ್ಳುತ್ತಾ, "ನಿನ್ನ ತಮ್ಮ ನಮ್ಮ ಮೆಟ್ಟಿಲು ಹತ್ತೋವಾಗ ಎರಡು ಸಲ ನಿಂತ, ನೋಡಿದ್ಯಾ?" ಎಂದರು. ನಾನೂ ನೋಡಿದ್ದೆ. ದಿನಕ್ಕೆ ಹತ್ತು ಎಣ್ಣೆ ಟ್ಯಾಂಕಿನ ಏಣಿ ಹತ್ತಿ ಇಳಿಯುವ ಮೇಸ್ತ್ರಿ, ನಮ್ಮ ಹದಿನೆಂಟು ಮೆಟ್ಟಿಲಿಗೆ ಯಾಕೆ ನಿಲ್ಲಬೇಕು? ತೋಳಿನ ಮೇಲೆ ನೀಲಿ ಕಲೆ ಏನೆಂದು ಕೇಳಿದರೆ ಏಣಿ ತಾಗಿತು ಎಂದೆ. ಬನಿಯನ್ ಬದಲಿಸುವಾಗ ಬೆನ್ನಿನ ಮೇಲೂ ಕಂಡಿತು. ನಿಮ್ಮ ಏಣಿ ಹಿಂದಿನಿಂದ ಬಂದು ಹೊಡೆಯುತ್ತದೆಯೇ?

ನಿನ್ನ ಅಂಗಿಯನ್ನು ಮೂರು ಸಲ ಒಗೆದರೂ ಆ ಸಿಹಿ ಪೆಟ್ರೋಲಿನ ವಾಸನೆ ಹೋಗಲಿಲ್ಲ. ಡಾಕ್ಟರಿಗೆ ತೋರಿಸಿದೆಯಾ, ಇಲ್ಲವಾ? ಹೌದು ಅಥವಾ ಇಲ್ಲ ಎಂದು ಬರಿ. ಕಥೆ ಬೇಡ.

ಅಡುಗೆಮನೆಯ ಗೋಡೆಯಲ್ಲಿ ನೀನು ಕೊಟ್ಟ ಗಡಿಯಾರ ಚೆನ್ನಾಗಿ ನಡೆಯುತ್ತಿದೆ. "ವರ್ಷದ ಅತ್ಯಂತ ಸುರಕ್ಷಿತ ತಂಡ" ಎಂದು ಅದರ ಮೇಲೆ ಬರೆದಿರುವುದನ್ನು ಭಾವ ಮನೆಗೆ ಬಂದವರಿಗೆಲ್ಲ ಓದಿ ಹೇಳುತ್ತಾರೆ.

ಅಕ್ಕ

ಫೆಬ್ರವರಿ 19

ಅಕ್ಕನಿಗೆ ನಮಸ್ಕಾರ.

ಹೌದು.

ಇಷ್ಟೇ ಬರೆದು ಕಳಿಸೋಣವೆಂದಿದ್ದೆ. ಆಮೇಲೆ ನೀನು ಮುಂದಿನ ಬಸ್ಸಿಗೇ ಬಂದು ಕಂಪನಿ ಕ್ಯಾಂಪಿನ ಗೇಟಿನಲ್ಲಿ ನಿಂತುಬಿಡುತ್ತೀಯ ಎಂದು ಹೆದರಿ ಮುಂದುವರಿಸುತ್ತಿದ್ದೇನೆ. ಡಾಕ್ಟರಿಗೆ ತೋರಿಸಿದೆ. ರಕ್ತ ಸ್ವಲ್ಪ ಕಡಿಮೆ ಎಂದರು, ಮಾತ್ರೆ ಕೊಟ್ಟರು. ಸುಸ್ತಿಗೆ ಕಾರಣ ಡಬಲ್ ಶಿಫ್ಟು. ನಮ್ಮ ಮೀಸೆ ಕಾಯಿಲೆಯೆಂದು ರಜೆಯಲ್ಲಿದ್ದಾನೆ, ಅವನ ಟ್ಯಾಂಕುಗಳೂ ನನ್ನ ತಲೆಗೇ ಬಂದಿವೆ. ಮೀಸೆ ಯಾರೆಂದು ನಿನಗೆ ಗೊತ್ತಲ್ಲ, ಒಂದು ಸಲ ನನ್ನ ಜೊತೆ ಮನೆಗೆ ಬಂದು ಭಾವನನ್ನು ಇಸ್ಪೀಟಿನಲ್ಲಿ ಏಳು ಆಟ ಸೋಲಿಸಿದವನು. ಈಗ ಅವನ ಮೀಸೆಯೇ ಅವನಿಗಿಂತ ದಪ್ಪ ಕಾಣುತ್ತದೆ.

ವಾಸನೆಯ ವಿಷಯ. ಟ್ಯಾಂಕಿನ ಮೇಲಿನ ಮುಚ್ಚಳ ತೆಗೆದು, ಅಳತೆ ಟೇಪನ್ನು ಎಣ್ಣೆಯೊಳಗೆ ಇಳಿಸಿ, ಎಷ್ಟಿದೆ ಎಂದು ಬಗ್ಗಿ ನೋಡಬೇಕು. ಮುಚ್ಚಳ ತೆಗೆದ ಕೂಡಲೇ ಆವಿ ಮುಖಕ್ಕೆ ಬರುತ್ತದೆ. ಇಪ್ಪತ್ತು ವರ್ಷದ ವಾಸನೆ ನಿನ್ನ ಮೂರು ಒಗೆತಕ್ಕೆ ಹೋಗುತ್ತದೆಯೇ?

ಒಸಡಿನಲ್ಲಿ ಸ್ವಲ್ಪ ರಕ್ತ ಬರುತ್ತಿದೆ, ಅಷ್ಟೇ. ಕ್ಯಾಂಪಿನ ಅಂಗಡಿಯಲ್ಲಿ ಸಿಗುವ ಬ್ರಷ್ಷು ತುಕ್ಕು ಉಜ್ಜುವ ಬ್ರಷ್ಷಿನ ತಮ್ಮ.

ನಿನ್ನ ತಮ್ಮ

ಫೆಬ್ರವರಿ 27

ತಮ್ಮನಿಗೆ,

ಇದರ ಜೊತೆ ಎರಡು ಬ್ರಷ್ಷು ಇಟ್ಟಿದ್ದೇನೆ. ಎಳೆ ಮಕ್ಕಳ ಹಲ್ಲಿಗೆ ಬಳಸುವಂಥದು, ಬಹಳ ಮೆತ್ತಗಿದೆ. ನಾಚಿಕೆ ಪಡದೆ ಉಪಯೋಗಿಸು. ಒಸಡು ಸರಿಯಾದರೆ ಊಟ ಸೇರುತ್ತದೆ, ಊಟ ಸೇರಿದರೆ ರಕ್ತ ತಾನಾಗಿ ಏರುತ್ತದೆ.

ಡಾಕ್ಟರ ಚೀಟಿಯ ನಕಲು ಕಳಿಸು. "ಸ್ವಲ್ಪ ಕಡಿಮೆ" ಎನ್ನುವುದು ಡಾಕ್ಟರ ಮಾತೋ ನಿನ್ನ ಮಾತೋ ನೋಡಬೇಕು.

ಅಕ್ಕ

ಏಪ್ರಿಲ್ 4

ಅಕ್ಕ,

ಐದು ವಾರ ಬರೆಯಲಿಲ್ಲ. ಬೈಯಬೇಡ.

ಮೀಸೆ ಹೋದ. ಮಾರ್ಚ್ 22ಕ್ಕೆ. ಕೊನೆಗೆ ಮೂಗಿನಿಂದ ಬಂದ ರಕ್ತ ನಿಲ್ಲಲೇ ಇಲ್ಲವಂತೆ. ನಾವು ತಂಡದ ಹತ್ತು ಜನ ಹೋದೆವು, ಉಳಿದವರು ಹೊತ್ತರು. ನಾನು ಹೊರಲಿಲ್ಲ, ಪಕ್ಕದಲ್ಲಿ ನಡೆದೆ. ಅಷ್ಟು ದೂರ ನಡೆಯುವುದಕ್ಕೇ ಕಷ್ಟವಾಯಿತು.

ಚೀಟಿಯ ನಕಲು ಇದರಲ್ಲಿದೆ. ನಿನಗೆ ಓದಲು ಬರುತ್ತದೆ, ಸುತ್ತು ಬಳಸಿ ಹೇಳಿ ಪ್ರಯೋಜನವಿಲ್ಲ. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನು ಬಿಡುತ್ತಿದೆ. ಮೀಸೆಯದೂ ಅದೇ ಕಾಯಿಲೆ. ಟ್ಯಾಂಕಿನ ಆವಿಯಲ್ಲಿ ಬೆಂಜೀನ್ ಎಂಬುದು ಇದೆಯಂತೆ, ಆ ಸಿಹಿ ವಾಸನೆ ಅದರದೇ. ವರ್ಷಗಟ್ಟಲೆ ಉಸಿರಾಡಿದರೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಕೈಗೆ ಅಂಟಿದ ಗ್ರೀಸನ್ನು ನಾವು ಟ್ಯಾಂಕಿನ ತಿಳಿ ಎಣ್ಣೆಯಲ್ಲೇ ತೊಳೆಯುತ್ತಿದ್ದೆವು ಎಂದು ಕೇಳಿ ಅವರು ಪೆನ್ನು ಕೆಳಗಿಟ್ಟರು.

ಚೀಟಿಯ ತಾರೀಖು ನೋಡಿ ನಿನಗೆ ಸಿಟ್ಟು ಬರುತ್ತದೆ. ಹೋದ ವರ್ಷ ಜೂನ್ 11. ಜನವರಿಯಲ್ಲಿ ನಿನ್ನ ಮೆಟ್ಟಿಲು ಹತ್ತುವಾಗ ಅದು ನನ್ನ ಜೇಬಿನಲ್ಲಿತ್ತು.

ತಮ್ಮ

ಏಪ್ರಿಲ್ 9

ತಮ್ಮನಿಗೆ,

ಬೈಯುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹರಿದು ಹಾಕಿದೆ. ಇದು ಎರಡನೆಯದು.

ಚೀಟಿ ಹಿಡಿದುಕೊಂಡು ನಮ್ಮ ವಕೀಲಮ್ಮನ ಹತ್ತಿರ ಹೋದೆ. ಕೆಲಸಗಾರರ ಕೇಸು ಬಿಟ್ಟು ಬೇರೆ ಮುಟ್ಟದ ಹೆಂಗಸು. ಮುಖ ನೋಡಿದರೆ ಕೇಸು ಸೋತವಳಂತೆ ಇರುತ್ತಾಳೆ, ಆದರೆ ಸೋಲುವುದು ಕಡಿಮೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಡಾಕ್ಟರು ಬರೆದುಕೊಟ್ಟ ದಿನದಿಂದ ಒಂದು ವರ್ಷದೊಳಗೆ ಪರಿಹಾರದ ಅರ್ಜಿ ಬೀಳ್ಬೇಕು. ಅಂದ್ರೆ ಜೂನ್ ಹತ್ತು. ಕಂಪನಿ ತಪ್ಪು ಮಾಡ್ತು ಅಂತ ಅದರಲ್ಲಿ ತೋರಿಸ್ಬೇಕಾಗಿಲ್ಲ, ಕೆಲಸದಿಂದಲೇ ಕಾಯಿಲೆ ಬಂತು ಅಂತ ತೋರಿಸಿದ್ರೆ ಸಾಕು. ಗೊತ್ತಿದ್ದೂ ಸುಮ್ಮನಿದ್ರು ಅಂತ ಸಾಬೀತಾದ್ರೆ ಬೇರೆ ದಾವೆನೂ ಹೂಡಬಹುದು. ಕಾರ್ಖಾನೆಗಳ ಇನ್ಸ್‌ಪೆಕ್ಟರಿಗೆ ದೂರು ಕೊಟ್ರೆ ಟ್ಯಾಂಕಿನ ಮೇಲಿನ ಗಾಳಿ ಪರೀಕ್ಷೆ ಮಾಡಿಸಬಹುದು. ಅಲ್ಲೀವರೆಗೆ ಕಂಪನಿಯವರು ಏನು ಕೊಟ್ರೂ ಸಹಿ ಮಾಡಬೇಡಿ ಅನ್ನಿ." ಕೊನೆಯದನ್ನು ಎರಡು ಸಲ ಹೇಳಿದಳು.

ಎಷ್ಟು ಆವಿ ಕುಡಿದೆ ಎಂಬುದಕ್ಕೆ ದಾಖಲೆ ಬೇಕಂತೆ. ಆಗ ನನಗೆ ನಿಮ್ಮ ಬ್ಯಾಡ್ಜು ನೆನಪಾಯಿತು. ಒಂಬತ್ತು ವರ್ಷದಿಂದ ತಿಂಗಳಿಗೊಂದು ದಿನ ಕಾಲರಿಗೆ ಸಿಕ್ಕಿಸಿಕೊಂಡು, ಶಿಫ್ಟು ಮುಗಿದ ಮೇಲೆ ಲ್ಯಾಬಿಗೆ ಕಳಿಸುವ ಆ ಬಿಲ್ಲೆ. ಎಷ್ಟು ವಿಷ ತಾಗಿತು ಎಂದು ಅದು ಹೇಳುತ್ತದೆ ಎಂದು ನೀನೇ ಭಾವನಿಗೆ ವಿವರಿಸಿದ್ದೆ. ವಕೀಲಮ್ಮನ ಮುಖ ಮೊದಲ ಸಲ ಅರಳಿತು. ಮೀಸೆಯ ಹೆಂಡತಿಯ ಅರ್ಜಿಯೂ ಇವಳ ಹತ್ತಿರವೇ ಬಂದಿದೆ. ಅವರ ಹೆಸರಿನಲ್ಲಿ ಇಡೀ ತಂಡದ ಬ್ಯಾಡ್ಜಿನ ಪಟ್ಟಿ ಕೇಳಿದ್ದಾಳೆ.

ಒಂಬತ್ತು ವರ್ಷ ತಪ್ಪದೆ ಆ ಬ್ಯಾಡ್ಜುಗಳನ್ನು ನೋಡಿಕೊಂಡವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಅಕ್ಕ

ಏಪ್ರಿಲ್ 20

ಅಕ್ಕನಿಗೆ,

ಬ್ಯಾಡ್ಜಿನ ಪಟ್ಟಿ ಯಾಕೆ ಕೇಳಿಸಿದೆ? ಹಳೆಯ ಕಾಗದ, ಸಿಕ್ಕಿದರೂ ಏನೂ ಇರುವುದಿಲ್ಲ. ಡಾಕ್ಟರ ಚೀಟಿ ಸಾಲದೇ?

ನನ್ನನ್ನು ಕೆಲಸದಿಂದ ಬಿಡಿಸಿ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾರೆ. ಕಿಟಕಿಯ ಪಕ್ಕದ ಮಂಚ. ಎರಡು ಬಾಟಲಿ ರಕ್ತ ಕೊಟ್ಟರು, ಯಾರದೋ ಪುಣ್ಯಾತ್ಮನದು. ಮಜ್ಜೆ ಬದಲಿಸಿದರೆ ವಾಸಿಯಾಗುತ್ತದೆ, ಆದರೆ ಇಲ್ಲಿ ಅದರ ಸಾಲು ಎರಡು ವರ್ಷ ಉದ್ದವಿದೆ. ನನ್ನ ಸಾಲು ಅಷ್ಟು ಉದ್ದವಿಲ್ಲ ಎಂದು ಡಾಕ್ಟರು ಹೇಳಲಿಲ್ಲ, ಕೆಮ್ಮಿದರು.

ಮೀಸೆಯ ಹೆಂಡತಿ ಮೊನ್ನೆ ಬಂದಿದ್ದರು. ಸ್ವಲ್ಪ ಹೊತ್ತು ಕೂತು ಹೋದರು.

ಬ್ರಷ್ಷು ಚೆನ್ನಾಗಿದೆ.

ತಮ್ಮ

ಮೇ 2

ತಮ್ಮನಿಗೆ,

ಪಟ್ಟಿ ಬಂತು. ಕಳ್ಳರು ಸಿಕ್ಕಿಬಿದ್ದರು!

ಕೋರ್ಟಿಗೆ ಹಾಕಲು ಅದನ್ನು ನಾನೇ ಟೈಪು ಮಾಡುತ್ತಿದ್ದೆ. ಹನ್ನೊಂದು ಜನ, ತಿಂಗಳಿಗೊಂದು ಸಾಲು. ಮಾಡುತ್ತಾ ಮಾಡುತ್ತಾ ನನ್ನ ಬೆರಳು ಒಂದೇ ಕೀಲಿಗಳ ಮೇಲೆ ಕುಣಿಯುತ್ತಿರುವುದು ಗೊತ್ತಾಯಿತು. ಮೊದಲ ವರ್ಷ ಬಿಟ್ಟರೆ, ಒಂದು ತಿಂಗಳಿನಲ್ಲಿ ಹನ್ನೊಂದು ಜನರಿಗೂ ಒಂದೇ ಅಂಕಿ. ಮುಂದಿನ ತಿಂಗಳು ಬೇರೆ ಅಂಕಿ, ಅದೂ ಹನ್ನೊಂದು ಜನರಿಗೂ ಒಂದೇ. ಎಲ್ಲವೂ ಮಿತಿಯೊಳಗೆ. ಟ್ಯಾಂಕಿನ ಮೇಲೆ ಬಗ್ಗುವ ನಿನಗೂ, ಕ್ಯಾಬಿನ್ನಿನಲ್ಲಿ ಕೂತು ಬರೆಯುವ ಗುಮಾಸ್ತನಿಗೂ ಒಂದೇ ಆವಿಯೇ? ಕಂಪನಿಯವರು ಪರೀಕ್ಷೆಯನ್ನೇ ಮಾಡಿಸದೆ ಕೂತಲ್ಲೇ ಅಂಕಿ ಬರೆದಿದ್ದಾರೆ. ಹಾಗೆಂದು ನಿನ್ನ ಹೆಸರಿನಲ್ಲಿ ಪ್ರಮಾಣಪತ್ರ ಟೈಪು ಮಾಡಿ ಕಳಿಸಿದ್ದೇನೆ. ಪ್ರತಿ ಪುಟಕ್ಕೂ ಸಹಿ ಹಾಕಿ ಕಳಿಸು.

ಮೀಸೆಯ ಹೆಂಡತಿ ಮಾತ್ರ ಯಾಕೋ ಹಿಂದೆ ಸರಿಯುತ್ತಿದ್ದಾರೆ. "ಅವರ ಹಣೆಬರಹ, ಬಿಡಿ" ಎನ್ನುತ್ತಾರಂತೆ.

ನಾನು ನಿನ್ನೆ ದೊಡ್ಡಾಸ್ಪತ್ರೆಗೆ ಹೋಗಿದ್ದೆ, ಮಂಡಿ ನೋವಿಗೆ. ಆರು ಸಣ್ಣ ಸೀಸೆ ರಕ್ತ ತೆಗೆದರು.

ಅಕ್ಕ

ಮೇ 8

ಅಕ್ಕ,

ಮಂಡಿ ನೋವಿಗೆ ಆರು ಸೀಸೆ ರಕ್ತ ತೆಗೆಯುವ ಡಾಕ್ಟರನ್ನು ಬದಲಾಯಿಸು.

ಪ್ರಮಾಣಪತ್ರಕ್ಕೆ ಸಹಿ ಹಾಕಿಲ್ಲ. ಹಾಕಲು ಆಗುವುದಿಲ್ಲ. ಲ್ಯಾಬಿನವರು ಪರೀಕ್ಷೆ ಮಾಡಿದ್ದಾರೆ, ಅಂಕಿಗಳು ನಿಜ. ಹನ್ನೊಂದೂ ಒಂದೇ ಆಗಿರುವುದಕ್ಕೆ ಕಾರಣ, ಹನ್ನೊಂದು ಬ್ಯಾಡ್ಜೂ ಒಂದೇ ಕಡೆ ಇದ್ದವು. ಕ್ಯಾಬಿನ್ನಿನ ಕಪಾಟಿನಲ್ಲಿ, ಒಂದು ಬಿಸ್ಕತ್ತಿನ ಡಬ್ಬದಲ್ಲಿ, ಮುಚ್ಚಳ ಗಟ್ಟಿಯಾಗಿ ಹಾಕಿ. ಇಟ್ಟವನು ನಾನು. ಆ "ಹೊಟ್ಟೆ ತಣ್ಣಗಿರಲಿ" ಎಂದು ನೀನು ಹರಸಿದೆಯಲ್ಲ, ಅವನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಆ ಸಾಲು ಓದಿದ ದಿನ ಹಾಗೆಯೇ ನೋಡಿಕೊಂಡೆ.

ಮೊದಮೊದಲು ನಾವು ನಿಯತ್ತಾಗಿ ಹಾಕಿಕೊಂಡೆವು. ಮೂರನೇ ತಿಂಗಳು ಮೀಸೆಯ ಬ್ಯಾಡ್ಜು ಮಿತಿ ಮೀರಿತು. ಮಿತಿ ಮೀರಿದರೆ ಟ್ಯಾಂಕಿನಿಂದ ಇಳಿಸಿ ಮೂರು ತಿಂಗಳು ಯಾರ್ಡಿಗೆ ಹಾಕುತ್ತಾರೆ, ಪೈಪು ಎಣಿಸುವ ಕೆಲಸ, ಅರ್ಧ ಸಂಬಳ. ಆಗ ಅವನ ಹೆಂಡತಿ ಬಸುರಿ. "ಮೇಸ್ತ್ರಿ, ಇದೊಂದು ಸಲ ನನ್ನ ಬ್ಯಾಡ್ಜು ನಿಮ್ಮ ಹತ್ರ ಇಟ್ಕೊಂಡಿರಿ" ಎಂದ. ಇಟ್ಟುಕೊಂಡೆ. ಮುಂದಿನ ತಿಂಗಳು ಇನ್ನಿಬ್ಬರು ಕೇಳಿದರು. ಒಬ್ಬನಿಗೆ ಮಾಡಿದ ಉಪಕಾರವನ್ನು ಇನ್ನೊಬ್ಬನಿಗೆ ಇಲ್ಲ ಎನ್ನುವುದು ಹೇಗೆ? ವರ್ಷ ತಿರುಗುವಷ್ಟರಲ್ಲಿ ಎಲ್ಲರದೂ ಡಬ್ಬ ಸೇರಿತ್ತು, ನನ್ನದೂ. ಸಂಜೆ ತೆಗೆದು ಲಕೋಟೆಗೆ ಹಾಕಿ ನಾನೇ ಸಹಿ ಮಾಡುತ್ತಿದ್ದೆ. ನಿನ್ನ ಗೋಡೆಯ ಗಡಿಯಾರ ಅದರ ಬಹುಮಾನ.

ಕಂಪನಿಯ ಸೇಫ್ಟಿ ಸಾಹೇಬರಿಗೆ ಗೊತ್ತಿತ್ತೇ ಎಂದು ನೀನು ಕೇಳುತ್ತೀಯ. ಅವರು ಯಾವತ್ತೂ ಹೀಗೆ ಮಾಡು ಎಂದು ಹೇಳಲಿಲ್ಲ. ಒಂದು ಸಲ ಡಬ್ಬ ಮೇಜಿನ ಮೇಲೆ ತೆರೆದೇ ಇತ್ತು. ಅವರು ನೋಡಿದರು, ಅದನ್ನು ಪಕ್ಕಕ್ಕೆ ಸರಿಸಿ ತಮ್ಮ ಟೀ ಲೋಟ ಇಟ್ಟುಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅದೇ ಸಾಹೇಬರು ನಿನ್ನೆ ಹಣ್ಣು ತಂದಿದ್ದರು, ಜೊತೆಗೆ ಒಂದು ಕಾಗದ. ಕಂಪನಿಯೇ ನನ್ನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿ ಮಜ್ಜೆ ಬದಲಿಸುವ ಪೂರ್ತಿ ಖರ್ಚು ನೋಡಿಕೊಳ್ಳುತ್ತದಂತೆ. ನಾನು ಒಂದು ಸಾಲಿಗೆ ಸಹಿ ಹಾಕಬೇಕು: "ನನ್ನ ತಂಡದವರು ನಿಯಮದಂತೆ ಬ್ಯಾಡ್ಜು ಧರಿಸಿದ್ದಾರೆ, ದಾಖಲೆ ಸರಿಯಾಗಿದೆ." ಮೇ 31ರವರೆಗೆ ಸಮಯ ಕೊಟ್ಟಿದ್ದಾರೆ.

ತಮ್ಮ

ಮೇ 12

ತಮ್ಮನಿಗೆ,

ಎರಡು ದಿನ ನಿನ್ನ ಕಾಗದ ಮುಟ್ಟಲಿಲ್ಲ. ಬೇಲಿಯೇ ಹೊಲ ಮೇಯ್ದ ಕಥೆ ಕೋರ್ಟಿನಲ್ಲಿ ದಿನವೂ ಟೈಪು ಮಾಡುತ್ತೇನೆ, ನಮ್ಮ ಮನೆಯ ಬೇಲಿ ಎಂದು ತಿಳಿದಿರಲಿಲ್ಲ. ಗಡಿಯಾರ ಇಳಿಸಿದೆ.

ವಕೀಲಮ್ಮನಿಗೆ ತೋರಿಸಿದೆ. ಅವಳು ಕಾಗದ ಮಡಚಿಟ್ಟು ಹೇಳಿದ್ದು ಇದು. "ನಿಮ್ಮ ತಮ್ಮ ಇದನ್ನ ಪ್ರಮಾಣ ಮಾಡಿ ಹೇಳಿದ್ರೆ ಉಳಿದ ಹತ್ತು ಜನರ ಕೇಸು ನಿಲ್ಲುತ್ತೆ. ಬ್ಯಾಡ್ಜು ನೋಡ್ಕೊಳ್ಳೋಕೆ ಅವರನ್ನ ನೇಮಿಸಿದ್ದು ಕಂಪನಿ. ವರ್ಷಗಟ್ಟಲೆ ಎಲ್ಲರಿಗೂ ಒಂದೇ ಅಂಕಿ ನೋಡಿಯೂ ಬಹುಮಾನ ಕೊಟ್ಟಿದ್ದು ಕಂಪನಿ. ಆದ್ರೆ ಅವರದೇ ಕೇಸು ಏಳೋದು ಕಷ್ಟ. ತನ್ನ ಕೈಯಾರೆ ಮಾಡ್ಕೊಂಡ ಅಂತಾರೆ."

ಇನ್ನು ನನ್ನ ಮಾತು ಕೇಳು. ಸಾಹೇಬರ ಕಾಗದಕ್ಕೆ ಸಹಿ ಹಾಕು.

ಇದನ್ನು ಬರೆಯುತ್ತಿರುವುದು ನಾನೇ. ಪಕ್ಕದ ಮನೆಯ ಪೇರಲೆ ಕಿತ್ತಿದ್ದಕ್ಕೆ ನಿನ್ನ ಕಿವಿ ಹಿಂಡಿ ಅವರ ಬಾಗಿಲಿಗೆ ಕರೆದುಕೊಂಡು ಹೋದವಳೇ. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ, ನನಗೆ ಹದಿನಾಲ್ಕು. ಒಂಬತ್ತು ವರ್ಷ ಸುಳ್ಳಿಗೆ ಸಹಿ ಹಾಕಿದವನಿಗೆ ಇನ್ನೊಂದು ಹೆಚ್ಚೇ? ನನಗೆ ನ್ಯಾಯ ಬೇಡ, ನೀನು ಬೇಕು.

ಅಕ್ಕ

ಮೇ 17

ಅಕ್ಕ,

ಏಪ್ರಿಲಿನಲ್ಲಿ ಮೀಸೆಯ ಹೆಂಡತಿ ಬಂದು ಹೋದರು ಎಂದು ಬರೆದಿದ್ದೆ. ಏನು ಕೇಳಿದರು ಎಂದು ಬರೆಯಲಿಲ್ಲ. ಹೊಲಿಗೆ ಕೆಲಸ ಬಿಟ್ಟು ಬಂದಿದ್ದರು, ಸೆರಗಿನಲ್ಲಿ ಸೂಜಿ ಹಾಗೇ ಇತ್ತು. "ಅಣ್ಣಾ, ಒಂದೇ ಮಾತು. ಅವರು ಬ್ಯಾಡ್ಜು ಹಾಕ್ಕೊಂಡೇ ಮೇಲೆ ಹತ್ತುತ್ತಿದ್ರಾ?" ಎಂದರು. "ಹೌದಮ್ಮ" ಎಂದೆ. "ಹಾಗಾದ್ರೆ ಯಾರ ತಪ್ಪೂ ಇಲ್ಲ, ಅವರ ಹಣೆಬರಹ" ಎಂದು ಎದ್ದರು. ಹೋಗುವಾಗ ನನ್ನ ಹೊದಿಕೆ ಸರಿಮಾಡಿದರು. ಅವರು ಯಾಕೆ ಹಿಂದೆ ಸರಿದರು ಎಂಬುದಕ್ಕೆ ಉತ್ತರ ಇದು.

ಇನ್ನೊಂದು ವಿಷಯ. ಮೊನ್ನೆ ತಂಡದವನೊಬ್ಬ ನೋಡಲು ಬಂದಿದ್ದ. "ಡಬ್ಬ ಈಗ ಯಾರ ಹತ್ರ ಇದೆ?" ಎಂದು ಕೇಳಿದೆ. "ನನ್ನ ಹತ್ರಾನೇ ಮೇಸ್ತ್ರಿ, ನೀವು ಮಾಡ್ತಿದ್ದ ಹಾಗೇ ಮಾಡ್ತಿದೀನಿ, ಚಿಂತೆ ಮಾಡ್ಬೇಡಿ" ಎಂದ. ನನಗೆ ಸಮಾಧಾನವಾಗಲಿ ಎಂದೇ ಹೇಳಿದ. ಅವನ ಮೊಣಕೈ ಮೇಲೆ ಒಂದು ನೀಲಿ ಕಲೆಯಿತ್ತು. "ಏಣಿ ತಾಗಿತು" ಎಂದ.

ಗುಮಾಸ್ತ ಬಿಟ್ಟು ಎಂಟು ಜನ ಇವತ್ತು ಬೆಳಿಗ್ಗೆಯೂ ಹತ್ತಿದ್ದಾರೆ ಅಕ್ಕ. ಸಾಹೇಬರ ಕಾಗದಕ್ಕೆ ನಾನು ಸಹಿ ಹಾಕಿದರೆ ಆ ಡಬ್ಬಕ್ಕೆ ಬೀಗ ಹಾಕಿ ಕೀಲಿ ನುಂಗಿದ ಹಾಗೆ. ನನಗೆ ಸಾಯಲು ಇಷ್ಟವಿಲ್ಲ. ಹೆದರಿಕೆಯಾಗುತ್ತದೆ. ಆದರೂ ಹೇಳಿಕೆ ತೆಗೆದುಕೊಳ್ಳಲು ಯಾರಾದರೂ ಬೇಗ ಬರಲಿ. ತಡವಾದರೆ ನನ್ನ ಧೈರ್ಯ ಉಳಿಯುತ್ತದೋ ಇಲ್ಲವೋ ಹೇಳಲಾರೆ.

ತಮ್ಮ

ಮೇ 21

ತಮ್ಮನಿಗೆ,

ಶನಿವಾರ, 25ಕ್ಕೆ, ಕೋರ್ಟಿನ ಕಮಿಷನರು ನಿನ್ನ ಮಂಚದ ಹತ್ತಿರವೇ ಬಂದು ಹೇಳಿಕೆ ತೆಗೆದುಕೊಳ್ಳುತ್ತಾರೆ. ವಕೀಲಮ್ಮ ಓಡಾಡಿ ಆದೇಶ ತಂದಳು. ನಿನ್ನ ಕಾಗದಗಳನ್ನು ಇಟ್ಟುಕೊಂಡು ಹೇಳಿಕೆಯನ್ನು ನಾನೇ ಟೈಪು ಮಾಡಿದ್ದೇನೆ, ಓದುವುದೂ ನಾನೇ. ಸರಿಯಿದ್ದರೆ ಸರಿ ಎನ್ನು, ಇಲ್ಲದಿದ್ದರೆ ತಿದ್ದಿಸು. ಕಂಪನಿಯ ವಕೀಲರೂ ಬರುತ್ತಾರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡು.

ಮಂಡಿಯ ರಿಪೋರ್ಟು ಬಂತು. ವಿಶೇಷವೇನೂ ಇಲ್ಲ.

ಬರುವಾಗ ಏನು ತರಲಿ ಎಂದು ಭಾವ ಕೇಳುತ್ತಿದ್ದಾರೆ. ಅವರಿಗೆ ಇಸ್ಪೀಟಿನ ಕಟ್ಟು ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಅಕ್ಕ

ಮೇ 30

ಅಕ್ಕ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಗಾಬರಿಯಾಗಬೇಡ.

ಶನಿವಾರ ನೀನು ಕೋರ್ಟಿನ ದನಿಯಲ್ಲಿ ಓದುತ್ತಿದ್ದರೆ ಇಡೀ ವಾರ್ಡು ಕೆಮ್ಮುವುದನ್ನೂ ನಿಲ್ಲಿಸಿ ಕೇಳಿತು. "ಬ್ಯಾಡ್ಜುಗಳನ್ನು ಸಾಹೇಬರ ಆದೇಶದಂತೆ ಡಬ್ಬದಲ್ಲಿ ಇಟ್ಟೆ" ಎಂದು ಓದಿದೆ. ನಾನು ಹಾಗೆ ಬರೆದಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಬೇರೆಯವರ ಹೇಳಿಕೆಯ ಒಂದಕ್ಷರ ಬದಲಿಸದವಳು ನೀನು, ನನ್ನದನ್ನು ಬದಲಿಸಿ ನೋಡಿದೆ. ನನ್ನ ತಪ್ಪನ್ನು ಸಾಹೇಬರ ತಲೆಗೆ ದಾಟಿಸಿದರೆ ನನ್ನ ಕೇಸೂ ಬದುಕಬಹುದು ಎಂದಲ್ಲವೇ? ನಾನು "ಅವರು ಹೇಳಲಿಲ್ಲ, ನೋಡಿದರು. ನೋಡಿ ಟೀ ಇಟ್ಟುಕೊಂಡರು. ಹಾಗೆ ಬರೀರಿ" ಎಂದಾಗ ನೀನು ತಲೆಯೆತ್ತದೆ ಪೆನ್ನಿನಿಂದ ಹೊಡೆದುಹಾಕಿ ತಿದ್ದಿದೆ. ಆಮೇಲೆ "ಓದಿ ಹೇಳಲಾಯಿತು, ಸರಿಯಿದೆಯೆಂದು ಒಪ್ಪಿದರು" ಎಂಬ ಕೊನೆಯ ಸಾಲು ಓದುವಾಗ ಮಾತ್ರ ನಿನ್ನ ದನಿ ಒಡೆಯಿತು. ಅದು ದಿನಕ್ಕೆ ಹತ್ತು ಸಲ ಟೈಪು ಮಾಡುವ ಸಾಲು.

ಇನ್ಸ್‌ಪೆಕ್ಟರು ಬಂದು ಡಬ್ಬ ತೆಗೆದುಕೊಂಡು ಹೋದರಂತೆ. ಟ್ಯಾಂಕಿನ ಕೆಲಸ ಸದ್ಯಕ್ಕೆ ನಿಂತಿದೆ. ತಂಡದವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ಯಾರೂ ನೋಡಲು ಬರುತ್ತಿಲ್ಲ. ಸಿಟ್ಟಾಗಲಿಕ್ಕೆ ಬದುಕಿರಬೇಕು, ಬದುಕಿರಲಿ. ಮೀಸೆಯ ಹೆಂಡತಿ ನಿನ್ನೆ ಬಂದರು. ಬಾಗಿಲಿನಲ್ಲೇ ನಿಂತು ನನ್ನನ್ನು ನೋಡಿ ಹಾಗೇ ಹೋದರು. ಅರ್ಜಿ ಮುಂದುವರಿಸುತ್ತಾರಂತೆ.

ಒಂದು ವಿಷಯ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ನೀನು ಬರುವ ಎರಡು ದಿನ ಮೊದಲು ಇಲ್ಲಿನ ಡಾಕ್ಟರು ಖುಷಿಯಿಂದ ಬಂದು, "ನಿಮ್ಮಕ್ಕನ ಮಜ್ಜೆ ನಿಮಗೆ ಪೂರ್ತಿ ಹೊಂದುತ್ತೆ, ದೊಡ್ಡಾಸ್ಪತ್ರೆಯಿಂದ ರಿಪೋರ್ಟು ಬಂದಿದೆ, ಅವರು ಹೇಳಲಿಲ್ವಾ?" ಎಂದರು. ಮಂಡಿ ನೋವಿನ ಆರು ಸೀಸೆ ಆಗ ಅರ್ಥವಾಯಿತು. ಶನಿವಾರ ಇಡೀ ದಿನ ನೀನು ನನ್ನ ಪಕ್ಕದಲ್ಲಿ ಕೂತಿದ್ದೆ, ನನ್ನ ಕೈ ಹಿಡಿದುಕೊಂಡಿದ್ದೆ, ಆದರೆ ಆ ಮಾತು ತೆಗೆಯಲಿಲ್ಲ. ಮಜ್ಜೆ ಸಿಕ್ಕಿದ ಮೇಲೆ ಬೇಕಾದದ್ದು ಖರ್ಚಿನ ದುಡ್ಡು ಮಾತ್ರ, ಅದನ್ನು ಕೊಡಿಸುವ ಸಾಹೇಬರ ಕಾಗದ ನನ್ನ ದಿಂಬಿನ ಕೆಳಗೇ ಇತ್ತು. ನೀನು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಕಮಿಷನರ ಎದುರಿಗೇ ಅದಕ್ಕೆ ಸಹಿ ಹಾಕಿಬಿಡುತ್ತಿದ್ದೆ. ಅದು ನಿನಗೆ ಗೊತ್ತಿತ್ತು. ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಳೆ 31. ಕಾಗದವನ್ನು ಹರಿದು ಕಸದ ಬುಟ್ಟಿಗೆ ಹಾಕಿದ್ದೇನೆ, ಈಗ ಅದರ ಆಸೆಯೂ ಇಲ್ಲ.

ಭಾವನಿಗೆ ಹೇಳು, ಅವರು ಬಿಟ್ಟುಹೋದ ಇಸ್ಪೀಟಿನಲ್ಲಿ ಒಂದು ರಾಣಿ ಕಡಿಮೆಯಿದೆ. ಗೋಡೆಯ ಮೊಳೆ ಖಾಲಿ ಬಿಡಬೇಡ, ಬೇರೆ ಯಾವುದಾದರೂ ಗಡಿಯಾರ ಹಾಕು. ಬ್ರಷ್ಷು ಎರಡೂ ಸವೆದವು. ಅಂಥದೇ ಇನ್ನೊಂದು ಕಳಿಸು, ಒಂದೇ ಸಾಕು.

ತಮ್ಮ